ಬೆನ್ನಿನ ಲೆಕ್ಕ

ಷೇರ್ ಷಹ ಹೆದ್ದಾರಿ ಮಾಡಿಸಿದ, ಅದರ ಎರಡೂ ಬದಿಗೆ ನೆರಳಿನ ಮರ ನೆಡಿಸಿದ, ದಾರಿಹೋಕರಿಗೆ ಛತ್ರ ಕಟ್ಟಿಸಿದ ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಆದರೆ ಆ ರಸ್ತೆಯ ಮೇಲೆ ಗಾಡಿ ಹೊಡೆದವರು ಯಾರು, ಸಂಜೆ ಗಾಡಿ ಬಿಟ್ಟಾಗ ಅವರ ಸೊಂಟ ನೆಟ್ಟಗಾಗುತ್ತಿತ್ತೇ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ರಸ್ತೆಗೆ ಚರಿತ್ರೆಯಿದೆ, ರಸ್ತೆ ಮಾಡಿಸಿದವನಿಗೆ ಚರಿತ್ರೆಯಿದೆ. ಅದರ ಮೇಲೆ ದುಡಿದವನ ಬೆನ್ನಿಗೆ ಚರಿತ್ರೆ ಇಲ್ಲ.

ನಾನು ಲಾರಿ ಡ್ರೈವರನ ಮಗಳು. ಆದ್ದರಿಂದ ಈ ಪ್ರಶ್ನೆ ನನಗೆ ಬರೀ ಪುಸ್ತಕದ ಪ್ರಶ್ನೆಯಲ್ಲ. 2023ರಲ್ಲಿ ಅದು ಮತ್ತೊಮ್ಮೆ ನಮ್ಮ ಮನೆಯ ಜಗಲಿಗೇ ಬಂದು ಕೂತಿತು. ನನ್ನ ತಮ್ಮನ ಮಗ ಲಾರಿ ಓಡಿಸುವ ಕೆಲಸಕ್ಕೆ ಸೇರುತ್ತೇನೆ ಎಂದ. ಇಪ್ಪತ್ತೈದು ವರ್ಷದ ಹುಡುಗ. ದುಡಿಯುತ್ತೇನೆ ಎಂದರೆ ಸಂತೋಷಪಡಬೇಕಾದ್ದೇ. ಆದರೆ ಅವನಿಗೆ ಇಪ್ಪತ್ತೆರಡಕ್ಕೇ ಬೆನ್ನುನೋವು ಅಂಟಿಕೊಂಡಿತ್ತು. ಸಿಮೆಂಟ್ ಅಂಗಡಿಯಲ್ಲಿ 50 ಕಿಲೋ ಚೀಲ ಎತ್ತುವಾಗ ಒಂದು ದಿನ ಸೊಂಟ ಹಿಡಿದುಕೊಂಡಿತು, ನೋವು ಎಡಗಾಲಿಗೆ ಇಳಿಯಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ ಎಂದರು. ಆಪರೇಷನ್ ಬೇಡ, ವ್ಯಾಯಾಮ ಮಾಡು, ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಭಾರ ಎತ್ತಬೇಡ ಎನ್ನುವುದು ಸುಲಭ. ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ನಮ್ಮ ಕಡೆ ಭಾರ ಎತ್ತದ ಕೆಲಸ ಯಾವುದಿದೆ?

"ಮಾವನವರ ಬೆನ್ನು ನೋಡಿದ್ದು ಸಾಲದೇ ಅಕ್ಕಾ? ನೀವಾದರೂ ಬೇಡ ಅಂತ ಹೇಳಿ" ಎಂದು ಅವನ ತಾಯಿ ನನ್ನ ಮುಂದೆ ಕಣ್ಣೀರು ಹಾಕಿದಳು. ಹುಡುಗ ಮಾತ್ರ, "ಅತ್ತೆ, ನೀವು ಓದಿದವರು. ಬೇಡ ಅಂದರೆ ಬೇರೆ ಏನು ಮಾಡಲಿ ಅಂತಲೂ ಹೇಳಿ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ನ್ಯಾಯವಿತ್ತು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ವಾರ ಸಮಯ ಕೇಳಿದೆ. ಇತಿಹಾಸದ ಟೀಚರಿಗೆ ಗೊತ್ತಿರುವುದು ಒಂದೇ ದಾರಿ, ಹಿಂದಕ್ಕೆ ಹೋಗಿ ನೋಡುವುದು. ನಾನೂ ಹಾಗೇ ಮಾಡಿದೆ.

ನಮ್ಮೂರು ಯಲ್ಲಾಪುರದ ಸೀಮೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ರಸ್ತೆ ನಮ್ಮನ್ನು ಹಾದು ಅರಬೈಲು ಘಟ್ಟಕ್ಕೆ ಹೋಗುತ್ತದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಬ್ರಿಟಿಷರು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದೆ ಇದ್ದದ್ದು ಹತ್ತಿಯ ಆಸೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂಬ ಆತುರ ಅವರಿಗಿತ್ತು. ಆಗ ಘಟ್ಟ ಇಳಿದದ್ದು ಎತ್ತಿನಗಾಡಿಗಳು. ಮೂಕಿಯ ಮೇಲೆ ಕೂತು ಹಗಲಿರುಳು ಗಾಡಿ ಹೊಡೆದವರ ಹೆಸರು ಒಂದೂ ಉಳಿದಿಲ್ಲ. ಹತ್ತಿಯ ಲೆಕ್ಕ ಮಾತ್ರ ಸರಕಾರದ ಕಡತಗಳಲ್ಲಿದೆ.

ಲಾರಿಯ ಕಾಲ ಗಟ್ಟಿಯಾಗಿ ಶುರುವಾದದ್ದು ಸ್ವಾತಂತ್ರ್ಯ ಬಂದ ಮೇಲೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಕಂಪನಿಯ ಜೊತೆ ಸೇರಿ ಜೆಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. 1955ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಕಂಪನಿ ಅಶೋಕ್ ಲೇಲ್ಯಾಂಡ್ ಆಯಿತು. ಜರ್ಮನಿಯವರ ಜೊತೆಗಿನ ಒಪ್ಪಂದ 1969ಕ್ಕೆ ಮುಗಿದರೂ ನಮ್ಮ ಅಪ್ಪಯ್ಯ ಕೊನೆಯವರೆಗೂ ತಾನು ಓಡಿಸಿದ್ದನ್ನು 'ಬೆಂಝ್ ಗಾಡಿ' ಎಂದೇ ಹೇಳುತ್ತಿದ್ದ. 1950ರ ಹೊತ್ತಿಗೆ ದೇಶದ ಸರಕಿನ ಬಹುಪಾಲನ್ನು ರೈಲು ಹೊರುತ್ತಿತ್ತು. ಇವತ್ತು ಬಹುಪಾಲನ್ನು ರಸ್ತೆಯೇ ಹೊರುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿರುವ ತೊಗರಿಬೇಳೆ, ಸಕ್ಕರೆ, ಎಣ್ಣೆ, ಅಷ್ಟೇ ಏಕೆ, ಮನೆಗೆ ಹಾಸಿದ ಕಲ್ಲೂ ಲಾರಿ ಏರಿ ಬಂದದ್ದೇ.

ಆ ಲಾರಿಗಳು ಕಾರ್ಖಾನೆಯಿಂದ ಪೂರ್ತಿಯಾಗಿ ಬರುತ್ತಿರಲಿಲ್ಲ ಎಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. ಇಂಜಿನ್, ಚಕ್ರ, ಚೌಕಟ್ಟು ಇಷ್ಟೇ ಇರುವ ಬರಿ ಚಾಸಿ ಬರುತ್ತಿತ್ತು. ಬಾಗಿಲಿಲ್ಲ, ಮಾಡಿಲ್ಲ. ಡ್ರೈವರ್ ಒಂದು ಹಲಗೆಯನ್ನೋ ಪೆಟ್ಟಿಗೆಯನ್ನೋ ಬಿಗಿದುಕೊಂಡು, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಜೆಮ್‌ಶೆಡ್‌ಪುರದಿಂದ 1500 ಕಿಲೋಮೀಟರಿಗೂ ಹೆಚ್ಚು ದೂರ ಅದನ್ನು ಓಡಿಸಿಕೊಂಡು ಬರುತ್ತಿದ್ದ. ಇಲ್ಲಿ ಬಂದ ಮೇಲೆ ಬಡಗಿ, ಕಮ್ಮಾರರು ಸೇರಿ ಮರದ ಕ್ಯಾಬಿನ್ ಕಟ್ಟುತ್ತಿದ್ದರು. ಸೀಟು ಅಂದರೆ ಹಲಗೆ, ಅದರ ಮೇಲೆ ತೆಂಗಿನ ನಾರು ತುಂಬಿದ ದಿಂಬು, ಮೇಲೊಂದು ರೆಕ್ಸಿನ್. ಅದು ಹಿಂದಕ್ಕೆ ಮುಂದಕ್ಕೆ ಸರಿಯುತ್ತಿರಲಿಲ್ಲ. ಡ್ರೈವರ್ ಕುಳ್ಳನಿರಲಿ, ಎತ್ತರದವನಿರಲಿ, ಸೀಟು ಅವನಿಗೆ ಹೊಂದಿಕೊಳ್ಳುತ್ತಿರಲಿಲ್ಲ. ಅವನೇ ಸೀಟಿಗೆ ಹೊಂದಿಕೊಳ್ಳಬೇಕಿತ್ತು.

ಅಪ್ಪಯ್ಯ ಹುಡುಗನಾಗಿದ್ದಾಗಲೇ ಕ್ಲೀನರ್ ಆಗಿ ಸೇರಿ, 1966ರಲ್ಲಿ ಲೈಸೆನ್ಸ್ ಮಾಡಿಸಿಕೊಂಡ. ಘಟ್ಟದ ಕೆಳಗಿನಿಂದ ಸಾಣಿಕಟ್ಟೆಯ ಉಪ್ಪು, ಹಂಚು, ಒಣಮೀನು. ಮೇಲಿನಿಂದ ಜೋಳ, ಈರುಳ್ಳಿ, ಬ್ಯಾಡಗಿಯ ಮೆಣಸಿನಕಾಯಿ. ಅವನ ಗಾಡಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಅರಬೈಲಿನ ತಿರುವುಗಳಲ್ಲಿ ಲೋಡಾದ ಗಾಡಿಯ ಚಕ್ರ ತಿರುಗಿಸಲು ಸೀಟಿನಿಂದ ಅರ್ಧ ಎದ್ದು, ಇಡೀ ಮೈಭಾರ ಸ್ಟಿಯರಿಂಗಿನ ಮೇಲೆ ಹಾಕಬೇಕಿತ್ತು. ಲಾರಿಯ ಕೆಳಗಿನ ಕಮಾನುಪಟ್ಟಿಗಳು ಹತ್ತು ಟನ್ ಭಾರ ತಡೆಯಲೆಂದು ಮಾಡಿದವು. ಗಾಡಿ ಖಾಲಿಯಿದ್ದಾಗ ಅವು ಬಾಗುವುದೇ ಇಲ್ಲ. ಗುಂಡಿಯ ಪೆಟ್ಟೆಲ್ಲ ನೇರ ಮೇಲೆ ಬರುತ್ತದೆ. "ಲೋಡಿದ್ದಾಗ ಗಾಡಿ ತೊಟ್ಟಿಲು, ಖಾಲಿ ಇದ್ದಾಗ ಒನಕೆ" ಎಂದು ಅಪ್ಪಯ್ಯ ಹೇಳುತ್ತಿದ್ದ.

ಅವನು ಟ್ರಿಪ್ಪು ಮುಗಿಸಿ ಮನೆಗೆ ಬಂದರೆ ಮೊದಲು ಊಟವಲ್ಲ, ಚಾಪೆ. ಬೋರಲು ಮಲಗುತ್ತಿದ್ದ. ಗೋಡೆ ಹಿಡಿದುಕೊಂಡು ಅವನ ಬೆನ್ನು ತುಳಿಯುವುದು ನನ್ನ ಕೆಲಸ. ಆರೇಳು ವರ್ಷದ ಹುಡುಗಿಯ ಭಾರ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನಾನು ಬೆಳೆದು ಭಾರವಾದ ಮೇಲೆ ಆ ಕೆಲಸ ತಮ್ಮನಿಗೆ ಹೋಯಿತು. ಅಮ್ಮ ಲಕ್ಕಿಸೊಪ್ಪು ಕುದಿಸಿದ ನೀರು ಹಾಕುತ್ತಿದ್ದಳು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು. ಎರಡು ದಿನ ಬಿಟ್ಟು ಮತ್ತೆ ಲಾರಿ. 1988ರಲ್ಲಿ, ನಲವತ್ತೆಂಟನೆಯ ವಯಸ್ಸಿಗೆ, ಕ್ಲಚ್ ಒತ್ತಲು ಎಡಗಾಲಿಗೆ ಬಲವಿಲ್ಲದಂತಾಗಿ ಅವನು ಗಾಡಿ ಬಿಟ್ಟ. ಮಾಲೀಕರು ಆಯುಧಪೂಜೆಗೆ ಕರೆದು ಒಂದು ಪಂಚೆ ಕೊಟ್ಟು ಕಳಿಸಿದರು. ಪೂಜೆಯ ದಿನ ಲಾರಿಯ ಚಕ್ರಕ್ಕೆ, ಸ್ಟಿಯರಿಂಗಿಗೆ, ಜಾಕಿಗೆ ಕೂಡ ಕುಂಕುಮ ಹಚ್ಚಿದ್ದರು ಎಂದು ಅವನು ನಗುತ್ತಲೇ ಹೇಳಿದ್ದು ನನಗೆ ನೆನಪಿದೆ.

ಹಾಗಾದರೆ ಕಾನೂನು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 1939ರ ಮೋಟಾರು ವಾಹನ ಕಾಯ್ದೆಯೇ ಡ್ರೈವರನಿಂದ ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆಗಿಂತ ಹೆಚ್ಚು ದುಡಿಸಬಾರದು, 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅದನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗೆ ಇಳಿಸಿತು. ಆದರೆ ಆ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ. ನಮ್ಮಲ್ಲಿ ಲಾರಿ ವ್ಯಾಪಾರವೆಂದರೆ ಹೆಚ್ಚಾಗಿ ಒಂದು ಲಾರಿ, ಎರಡು ಲಾರಿಯ ಮಾಲೀಕರದು. ಒಬ್ಬ ಡ್ರೈವರು, ಒಬ್ಬ ಕ್ಲೀನರು. ಅವರ ತನಕ ಕಾನೂನಿನ ಕೈ ಚಾಚಲೇ ಇಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. ಅಪ್ಪಯ್ಯನಿಗೆ ಅಂಥದೊಂದು ಕಾಯ್ದೆ ಇದ್ದದ್ದೇ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬಾಟಾ. ಎಷ್ಟು ಟ್ರಿಪ್ಪೋ ಅಷ್ಟು ಬಾಟಾ. ವಿಶ್ರಾಂತಿ ಎಂದರೆ ಕೂಲಿ ಖೋತಾ.

ಇನ್ನು ವೈದ್ಯರ ಕಡೆ ನೋಡೋಣ. ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಕಾಲಿಗೆ ನೋವು ಇಳಿಯುತ್ತದೆ ಎಂಬುದನ್ನು ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ಇಬ್ಬರು ಸರ್ಜನರು 1934ರಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿದರು. ಅಪ್ಪಯ್ಯ ಹುಟ್ಟುವ ಮೊದಲೇ ವಿದ್ಯೆ ಇತ್ತು ಎಂದಾಯಿತು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಸೂಜಿಯ ಮೂಲಕ ಡಿಸ್ಕಿನ ಒಳಗಿನ ಒತ್ತಡವನ್ನೇ ಅಳೆದರು. ಒರಗದೆ ಕೂತವರ ಡಿಸ್ಕಿನ ಮೇಲಿನ ಒತ್ತಡ ನಿಂತವರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಎಂದು ಅವರಿಗೆ ಕಂಡಿತು. 1999ರಲ್ಲಿ ಪ್ರಕಟವಾದ ಜರ್ಮನಿಯ ಅಳತೆಯಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಬೆನ್ನಿಗೆ ಒರಗು ಕೊಟ್ಟರೆ, ಸೊಂಟದ ಬಳಿ ಆಸರೆ ಇಟ್ಟರೆ ಒತ್ತಡ ಇಳಿಯುತ್ತದೆ ಎಂಬುದು ಸ್ವೀಡನ್ನಿನ ಮುಂದಿನ ಅಳತೆಗಳಲ್ಲಿ ಕಂಡ ಮಾತು.

ನನಗೆ ಹೆಚ್ಚು ತಟ್ಟಿದ್ದು ಒಬ್ಬ ಹೆಣ್ಣುಮಗಳ ಕೆಲಸ. ಜೆನಿಫರ್ ಕೆಲ್ಸಿ ಎಂಬ ಅಮೆರಿಕದ ಸಂಶೋಧಕಿ, ಹಾರ್ಡಿ ಎಂಬವರ ಜೊತೆ 1975ರಲ್ಲಿ ಪ್ರಕಟಿಸಿದ ಅಧ್ಯಯನವದು. ಕೆಲಸದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಮಯ ವಾಹನ ಓಡಿಸುವ ಗಂಡಸರಿಗೆ ಡಿಸ್ಕ್ ಜಾರುವ ಸಂಭವ ಉಳಿದವರ ಸುಮಾರು ಮೂರು ಪಟ್ಟು ಎಂದು ಅವರು ತೋರಿಸಿದರು. ಕಾರಣ ಕೂತಿರುವುದೊಂದೇ ಅಲ್ಲ, ನಡುಕ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಡುವ ನಡುಕ ನಮ್ಮ ಬೆನ್ನುಮೂಳೆಗೆ ಅತಿ ಕೆಟ್ಟದ್ದು. ತೂಗುಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಹೇಗೆ ಜೋರಾಗುತ್ತದೆಯೋ ಹಾಗೆ, ಆ ಲಯದಲ್ಲಿ ಬಂದ ನಡುಕವನ್ನು ಬೆನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಲಾರಿಯ ಸೀಟು ನಡುಗುವುದೂ ಹೆಚ್ಚುಕಡಿಮೆ ಅದೇ ಲಯದಲ್ಲಿ. ಮೈಗೆ ತಗಲುವ ನಡುಕವನ್ನು ಅಳೆಯಲು 1974ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಬಂತು. ದಿನಕ್ಕೆ ಇಷ್ಟೇ ನಡುಕ ಎಂಬ ಮಿತಿಯನ್ನು ಯುರೋಪಿನವರು 2002ರಲ್ಲಿ ನಿಯಮವಾಗಿ ಬರೆದುಕೊಂಡರು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಒಂದು ವಿಷಯ ಖಚಿತವಾಯಿತು. ನಮ್ಮ ಮನೆಯಲ್ಲಿ ಅಪ್ಪಯ್ಯನ ಬೆನ್ನುನೋವನ್ನು ಅವನ ಹಣೆಬರಹ ಎಂದು ತಿಳಿದಿದ್ದೆವು. 'ವಾಯು' ಎನ್ನುತ್ತಿದ್ದರು ಕೆಲವರು. ಕುಡಿತ ಎಂದೂ ಆಡಿಕೊಂಡರು. ಅವನು ಹನಿ ಮುಟ್ಟಿದವನಲ್ಲ. ಅದು ಹಲಗೆಯ ಸೀಟು, ಬಾಗದ ಕಮಾನುಪಟ್ಟಿ, ಗುಂಡಿಬಿದ್ದ ರಸ್ತೆ ಮತ್ತು ಗಂಟೆಗಳ ಲೆಕ್ಕವಿಲ್ಲದ ಕೂಲಿ, ಈ ನಾಲ್ಕೂ ಸೇರಿ ಮಾಡಿದ ನೋವು.

ಆಮೇಲೆ ಬಂದದ್ದು ಅದಿರಿನ ಕಾಲ. ಚೀನಾ ದೇಶ ಉಕ್ಕಿಗಾಗಿ ಹಾತೊರೆದಾಗ ಬಳ್ಳಾರಿ-ಹೊಸಪೇಟೆಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂತು. 2003-04ರಿಂದ ಏಳೆಂಟು ವರ್ಷ ಆ ಅದಿರು ನಮ್ಮ ರಸ್ತೆಯ ಮೇಲೇ ಬೇಲೆಕೇರಿ, ಕಾರವಾರದ ಬಂದರುಗಳಿಗೆ ಇಳಿಯಿತು. ಹಗಲು ರಾತ್ರಿ ಇರುವೆ ಸಾಲಿನಂತೆ ಲಾರಿ. ಶಾಲೆಯ ಕಿಟಕಿ ಮುಚ್ಚಿಯೇ ಪಾಠ ಮಾಡಬೇಕಿತ್ತು. ಬೇಲಿಯ ಗಿಡಗಳೆಲ್ಲ ಕೆಂಪು ಬಳಿದುಕೊಂಡಿದ್ದವು. ನನ್ನ ತಮ್ಮ 2006ರಲ್ಲಿ ಸಾಲ ಮಾಡಿ ಒಂದು ಲಾರಿ ಕೊಂಡ. ಮಿತಿಮೀರಿದ ಲೋಡಿನ ಮೇಲೆ ಸುಪ್ರೀಂ ಕೋರ್ಟು 2005ರಲ್ಲೇ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತ್ತು. ಆದರೂ ಅದಿರು ಗಾಡಿಗಳು ಮಿತಿ ಮೀರಿ ಹೊತ್ತವು, ರಸ್ತೆ ಕಿತ್ತುಹೋಯಿತು, ಕಿತ್ತ ರಸ್ತೆ ಡ್ರೈವರುಗಳ ಬೆನ್ನು ಕಿತ್ತಿತು. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂತು ಕಟ್ಟಲಾಗದೆ ತಮ್ಮನ ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಕಳವಾದ ಅದಿರಿನ ಲೆಕ್ಕ ಕೋಟಿ ಕೋಟಿಯಲ್ಲಿ ಪತ್ರಿಕೆಗಳಲ್ಲಿ ಬಂತು. ಆ ಏಳೆಂಟು ವರ್ಷಗಳಲ್ಲಿ ಸೊಂಟ ಕಳೆದುಕೊಂಡ ಹುಡುಗರೆಷ್ಟು? ಅದನ್ನು ಯಾರೂ ಎಣಿಸಿದ್ದು ನಾನು ಓದಿಲ್ಲ.

ಇಷ್ಟು ತಿಳಿದ ಮೇಲೆ ಹುಡುಗನಿಗೆ ಬೇಡ ಎನ್ನುವುದು ಸುಲಭವಾಗಿತ್ತು. ಆದರೆ ಅದೇ ಓದು ಇನ್ನೊಂದು ಮಾತನ್ನೂ ಹೇಳಿತು. ಬೆನ್ನುನೋವಿಗೆ ಹಾಸಿಗೆಯೇ ಮದ್ದು ಎಂದು ವೈದ್ಯರೂ ಬಹುಕಾಲ ನಂಬಿದ್ದರು. 1986ರಲ್ಲಿ ಅಮೆರಿಕದ ಡೇಯೊ ಮತ್ತು ಸಂಗಡಿಗರು 203 ಮಂದಿಯಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಎರಡು ದಿನ ಮಲಗಿದವರೇ ಬೇಗ ಕೆಲಸಕ್ಕೆ ಮರಳಿದರು. ಅವರು ತಪ್ಪಿಸಿಕೊಂಡ ಕೆಲಸದ ದಿನಗಳು ಶೇ. 45ರಷ್ಟು ಕಡಿಮೆ. 1995ರಲ್ಲಿ ಫಿನ್ಲೆಂಡಿನವರು, ಮಲಗುವುದಕ್ಕಿಂತ ಆದಷ್ಟು ಮಟ್ಟಿಗೆ ದಿನನಿತ್ಯದ ಓಡಾಟವೇ ಮೇಲು ಎಂದು ತೋರಿಸಿದರು. ಡಿಸ್ಕಿಗೆ ಸ್ವಂತ ರಕ್ತನಾಳವಿಲ್ಲ, ಅಕ್ಕಪಕ್ಕದಿಂದ ಇಂಗಿ ಬರುವ ಸತ್ವವೇ ಅದಕ್ಕೆ ಆಹಾರ, ಮೈ ಅಲುಗಾಡುತ್ತಿದ್ದರೆ ಅದಕ್ಕೆ ಒಳ್ಳೆಯದು. ಅಂದಮೇಲೆ ಬೆನ್ನುನೋವಿನವನು ಕೆಲಸವನ್ನೇ ಮಾಡಬಾರದು ಎಂಬುದು ನಿಜವಲ್ಲ. ಯಾವ ಕೆಲಸ, ಎಷ್ಟು ಹೊತ್ತು, ಹೇಗೆ ಎಂಬುದೇ ಪ್ರಶ್ನೆ.

ದೇಹದಲ್ಲಿ ಕೊರತೆಯಿದ್ದವರು ಈ ಕಸುಬಿಗೆ ಬಂದದ್ದು ಇದೇ ಮೊದಲೂ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಲಿಲ್ಲಿ ಡ್ರೆನ್ನನ್ ಎಂಬ ಹೆಂಗಸು 1929ರಲ್ಲಿ ಲಾರಿ ಲೈಸೆನ್ಸ್ ಕೇಳಿದಾಗ, ಆಕೆಗೆ ಕಿವಿ ಸರಿಯಾಗಿ ಕೇಳಿಸದೆಂದು ಅಧಿಕಾರಿಗಳು ಹಿಂದೆ ಮುಂದೆ ನೋಡಿದರು. ಆಕೆ ಪಟ್ಟು ಬಿಡದೆ ಲೈಸೆನ್ಸ್ ಪಡೆದು, 1952ರವರೆಗೆ ಸ್ವಂತ ಲಾರಿ ವ್ಯಾಪಾರ ನಡೆಸಿದಳು. ಆಕೆಯ ಕೊರತೆ ಅಧಿಕಾರಿಗಳ ಕಣ್ಣಿಗೆ ಬಿತ್ತು, ವಾದಿಸಿ ಗೆದ್ದಳು. ಬೆನ್ನುನೋವು ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಭಾರಿ ವಾಹನದ ಲೈಸೆನ್ಸಿಗೆ ಡಾಕ್ಟರು ಸಹಿ ಮಾಡುವ ನಮೂನೆ 1ಎ ಎಂಬ ಪತ್ರವಿದೆ. ದೃಷ್ಟಿ ಹೇಗಿದೆ, ಕೆಂಪು ಹಸಿರು ಗುರುತಾಗುತ್ತದೆಯೇ, ಇರುಳುಗುರುಡು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲಿನಲ್ಲಿ ಊನವಿದೆಯೇ ಎಂದೆಲ್ಲ ಕೇಳುತ್ತದೆ. ದಿನವಿಡೀ ಕೂತು ನಡುಗಬೇಕಾದ ಬೆನ್ನು ಹೇಗಿದೆ ಎಂದು ಕೇಳುವುದಿಲ್ಲ. ಕೇಳದಿದ್ದಾಗ ಹುಡುಗರೂ ಹೇಳುವುದಿಲ್ಲ. ನೋವು ಮುಚ್ಚಿಟ್ಟೇ ಕೆಲಸಕ್ಕೆ ಸೇರುತ್ತಾರೆ.

ವಾರ ಕಳೆದ ಮೇಲೆ ನಾವು ನಾಲ್ವರೂ, ಅಂದರೆ ತಮ್ಮ, ಅವನ ಹೆಂಡತಿ, ಹುಡುಗ ಮತ್ತು ನಾನು, ಕೂತು ಮಾತಾಡಿದೆವು. ನಾನು ಹೇಳಿದ್ದಿಷ್ಟು: "ಲಾರಿ ಓಡಿಸು ಮಗಾ. ಆದರೆ ನೋವನ್ನು ಮುಚ್ಚಿಡಬೇಡ. ಮೊದಲ ದಿನದಿಂದಲೇ ಅದನ್ನು ಲೆಕ್ಕಕ್ಕೆ ಹಿಡಿ." ಅವನು ಮೊದಲು ಡಾಕ್ಟರನ್ನು ಮತ್ತೆ ಕಂಡ. ಕಾಲಿನಲ್ಲಿ ಬಲ ಸರಿಯಾಗಿದೆ, ವ್ಯಾಯಾಮ ಬಿಡದಿದ್ದರೆ ಅಡ್ಡಿಯಿಲ್ಲ ಎಂದರು. ಸಿಕ್ಕಿದ ಮೂರು ಕೆಲಸಗಳಲ್ಲಿ ಹೆಚ್ಚು ದುಡ್ಡಿನದು ಮುಂಬಯಿ ಲೈನಿನ ಲಾರಿ. ಅದರಲ್ಲಿ ಟಾರ್ಪಾಲು ಎಳೆದು ಹಗ್ಗ ಬಿಗಿಯಬೇಕು, ರಾತ್ರಿಯಿಡೀ ಓಡಿಸಬೇಕು, ದಾರಿಯಲ್ಲಿ ಟೈರ್ ಹೋದರೆ ತನಗಿಂತ ಭಾರದ ಸ್ಟೆಪ್ನಿ ತಾನೇ ಉರುಳಿಸಬೇಕು. ಅದನ್ನು ಬಿಟ್ಟು ಹಾಲಿನ ಟ್ಯಾಂಕರ್ ಹಿಡಿದ. ಗೊತ್ತಾದ ದಾರಿ, ಹೊರುವುದಿಲ್ಲ, ಕಟ್ಟುವುದಿಲ್ಲ, ರಾತ್ರಿ ಮನೆ. ಸಂಬಳ ಕಡಿಮೆ. ಅವನ ತಾಯಿ ಅದಕ್ಕೆ ಒಪ್ಪಿದಳು.

ಇಂಥದೇ ಮನೆ ನಿಮ್ಮದೂ ಆಗಿದ್ದರೆ ಎಂದು ಕೆಲವು ವಿಷಯಗಳನ್ನು ಬರೆಯುತ್ತೇನೆ. ಸೀಟಿನ ಒರಗು ನೇರ ಗೋಡೆಯಂತಿರದೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಸೊಂಟದ ಕುಳಿಗೆ ಸುತ್ತಿದ ಟವೆಲ್ಲಾದರೂ ಸಾಕು, ಆಸರೆ ಬೇಕು. ಕ್ಲಚ್ಚಿಗೆ ಕಾಲು ಚಾಚುವಾಗ ಸೊಂಟ ಸೀಟು ಬಿಟ್ಟು ಜಾರಬಾರದು, ಅಷ್ಟು ಹತ್ತಿರಕ್ಕೆ ಸೀಟು ಎಳೆದುಕೊಳ್ಳಬೇಕು. ಪ್ಯಾಂಟಿನ ಹಿಂಬದಿಯ ಜೇಬಿನಲ್ಲಿ ಪರ್ಸು ಇಟ್ಟು ಕೂರಬಾರದು. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಬೇಕು. ಕ್ಯಾಬಿನ್ನಿನಿಂದ ಹಾರಬಾರದು, ಲಾರಿಗೆ ಮುಖ ಮಾಡಿ, ಹಿಡಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇಳಿದ ತಕ್ಷಣ ಭಾರ ಎತ್ತಬಾರದು. ಬಹಳ ಹೊತ್ತು ಕೂತ ಬೆನ್ನಿನ ಕಟ್ಟುಗಳು ಸಡಿಲಾಗಿರುತ್ತವೆ. ನಿದ್ದೆ ಬರಿಸುವ ನೋವಿನ ಮಾತ್ರೆ ನುಂಗಿ ಗಾಡಿ ಹತ್ತಲೇಬಾರದು. ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪ್ಪಯ್ಯನ ಕಾಲದಲ್ಲಿ ಇದನ್ನು ಹೇಳುವವರು ನಮಗೆ ಸಿಕ್ಕಿರಲಿಲ್ಲ.

ಲಾರಿಗಳೂ ಬದಲಾಗಿವೆ. ಪವರ್ ಸ್ಟಿಯರಿಂಗ್ ಬಂದಿದೆ, ಹಿಂದಕ್ಕೆ ಮುಂದಕ್ಕೆ ಸರಿಯುವ ಸೀಟು ಬಂದಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವೆಂದು ಕೇಂದ್ರ ಸರಕಾರ ನಿಯಮ ಮಾಡಿತು. ಸೆಕೆ ತಗ್ಗುವುದು ಒಳ್ಳೆಯದೇ. ಆದರೆ ಏಸಿ ಹಾಕಿದ ಮಾತ್ರಕ್ಕೆ ಸೀಟು ನಡುಗುವುದು ನಿಲ್ಲುವುದಿಲ್ಲ, ಗಂಟೆಗಳು ಕಡಿಮೆಯಾಗುವುದಿಲ್ಲ.

ಹುಡುಗ ಕೆಲಸಕ್ಕೆ ಸೇರಿ ಎರಡು ವರ್ಷ ದಾಟಿದೆ. ನೋವು ಹೋಗಿಲ್ಲ. ಹೋಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ. ತಿಂಗಳಲ್ಲಿ ಒಂದೆರಡು ದಿನ ರಜೆ ಹಾಕುತ್ತಾನೆ, ಆ ದಿನದ ಕೂಲಿ ಹೋಗುತ್ತದೆ. ಉಳಿದ ದಿನ ಬೆಳಿಗ್ಗೆ ಇಪ್ಪತ್ತು ನಿಮಿಷ ಚಾಪೆಯ ಮೇಲೆ ವ್ಯಾಯಾಮ ಮಾಡಿಯೇ ಹೊರಡುತ್ತಾನೆ. ಸೀಟಿನ ಅಡಿಯ ಸ್ಪ್ರಿಂಗ್ ಹಾಳಾದಾಗ ಮಾಲೀಕರು ಮುಂದಿನ ತಿಂಗಳು ನೋಡೋಣ ಎಂದರು. ಅವನು ತಾನೇ ದುಡ್ಡು ಹಾಕಿ ಮಾಡಿಸಿದ. ಮಾಲೀಕರು ಅರ್ಧ ದುಡ್ಡು ಆಮೇಲೆ ಕೊಟ್ಟರು.

ಟ್ಯಾಂಕರಿನ ಟ್ರಿಪ್ ಶೀಟಿನಲ್ಲಿ ಡೀಸೆಲ್, ಕಿಲೋಮೀಟರ್, ಟೋಲ್, ಹಾಲಿನ ಅಳತೆ, ಎಲ್ಲದಕ್ಕೂ ಕಾಲಂ ಇದೆ. ನನ್ನ ತಮ್ಮನ ಹೆಂಡತಿ ಏಳನೇ ತರಗತಿ ಓದಿದವಳು. ಅವಳು ಒಂದು ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ಅದನ್ನೆಲ್ಲ ನಕಲು ಮಾಡಿ, ಕೊನೆಗೆ ಗೆರೆ ಎಳೆದು 'ಬೆನ್ನು' ಎಂದು ಒಂದು ಕಾಲಂ ಸೇರಿಸಿದ್ದಾಳೆ. ದಿನಾ ರಾತ್ರಿ ಮಗನನ್ನು ಕೇಳಿ ಬರೆಯುತ್ತಾಳೆ: ಅಡ್ಡಿಯಿಲ್ಲ, ನೋವು, ಜೋರು. ಮೊನ್ನೆ ಅದನ್ನು ತಿರುವಿ ನೋಡಿದೆ. ಖಾಲಿ ಟ್ಯಾಂಕರ್ ಕೆಟ್ಟ ರಸ್ತೆಯಲ್ಲಿ ಹೋದ ದಿನ 'ಜೋರು'. ದಿನಕ್ಕೆ ಎರಡು ಟ್ರಿಪ್ಪು ಹೊಡೆದ ವಾರವೆಲ್ಲ 'ನೋವು'. ರಸ್ತೆ ರಿಪೇರಿಯಾದ ಮೇಲೆ ಸಾಲಾಗಿ ಹನ್ನೊಂದು ದಿನ 'ಅಡ್ಡಿಯಿಲ್ಲ'. ಆ ಪುಸ್ತಕ ಹಿಡಿದುಕೊಂಡೇ ಹುಡುಗ ಮಾಲೀಕರ ಹತ್ತಿರ ಹೋಗಿ, ಎರಡನೆಯ ಟ್ರಿಪ್ಪನ್ನು ಇನ್ನೊಬ್ಬ ಡ್ರೈವರಿಗೆ ಹಂಚಿಕೊಡಲು ಒಪ್ಪಿಸಿದ. ಇತಿಹಾಸ ಬರೆಯಲು ಆಕರ ಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ: ಶಾಸನ, ನಾಣ್ಯ, ಕಡತ. ಲಾರಿಯವರ ಬೆನ್ನಿನ ಇತಿಹಾಸಕ್ಕೆ ಆಕರ ಇಂಥ ನೋಟ್‌ಪುಸ್ತಕಗಳೇ. ಅವನ್ನು ಸರಕಾರ ಇಡುವವರೆಗೆ ಮನೆಯವರು ಇಡಬೇಕು.